ಯಕೃತ್ತಿನ ಗೂಢರೋಗ

ಕಣ್ಣು ಹಳದಿಯಾದೊಡನೆ ನೆಲನೆಲ್ಲಿಯನ್ನು ಅರೆದು ಹಾಲಿನಲ್ಲಿಯೋ ಮಜ್ಜಿಗೆಯಲ್ಲಿಯೋ ಕುಡಿಸುವ ವಾಡಿಕೆ ಯಲಹಂಕ, ಹೆಬ್ಬಾಳದ ಕಡೆಯ ಹಳೆಯ ಮನೆಗಳಲ್ಲಿ ಅಪರೂಪವಲ್ಲ. ಕಾಮಾಲೆ ಇಳಿಯಿತೆಂದರೆ ರೋಗವೇ ಹೋಯಿತೆಂದು ಮನೆಯವರು ನಿಶ್ಚಿಂತರಾಗುವರು. ಆದರೆ ಕಾಮಾಲೆಗೆ ಕಾರಣಗಳು ಹಲವು. ಅವುಗಳಲ್ಲೊಂದಾದ ಹೆಪಟೈಟಿಸ್ ಬಿ ವೈರಾಣುವಿನ ವಿಷಯದಲ್ಲಿ ಈ ನಿಶ್ಚಿಂತೆ ಅಪಾಯಕರವಾದುದು. ಏಕೆಂದರೆ ಕಣ್ಣು ಹಳದಿಯಾಗದೆಯೇ ಅದು ಯಕೃತ್ತಿನಲ್ಲಿ ಹಲವು ದಶಕಗಳ ಕಾಲ ಅಡಗಿರಬಲ್ಲುದು.

ಈ ವೈರಾಣುವಿನ ಗುರುತನ್ನು ರಕ್ತದಲ್ಲಿ ಕಂಡುಹಿಡಿದು 1976ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಅಮೆರಿಕದ ಬರೂಕ್ ಬ್ಲುಂಬರ್ಗ್ ಅವರೂ ನಮ್ಮ ನೆಲನೆಲ್ಲಿಯನ್ನು ಅಲಕ್ಷಿಸಲಿಲ್ಲ. ಮದ್ರಾಸಿನ ತ್ಯಾಗರಾಜನ್ ಮೊದಲಾದವರೊಡನೆ ಅವರು 1988ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮೂಲಿಕೆಯನ್ನು ಸೇವಿಸಿದ 37 ಮಂದಿಯ ಪೈಕಿ 22 ಮಂದಿಯ ರಕ್ತದಲ್ಲಿ ಆ ಗುರುತು ಕಾಣದಾಯಿತು. ಅನಂತರ ಬೇರೆಡೆಗಳಲ್ಲಿ ನಡೆದ ಪರೀಕ್ಷೆಗಳಲ್ಲಿ ಆ ಫಲ ದೊರೆಯಲಿಲ್ಲ. ಮೂಲಿಕೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದನ್ನೇ ನಂಬಿ ರಕ್ತಪರೀಕ್ಷೆಯನ್ನು ಬಿಡಲಾಗದೆಂಬುದಷ್ಟೇ.

ಪ್ರಾಯಸ್ಥರಿಗೆ ಅಂಟಿದರೆ ನೂರಕ್ಕೆ ತೊಂಬತ್ತೈದು ಮಂದಿಗೂ ಮೇಲ್ಪಟ್ಟು ತಾವಾಗಿಯೇ ಅದನ್ನು ಕಳೆದುಕೊಳ್ಳುವರು. ಹೆರಿಗೆಯ ಕಾಲದಲ್ಲಿ ತಾಯಿಯಿಂದ ಶಿಶುವಿಗೆ ಅಂಟಿದರೆ ಮಾತ್ರ ನೂರಕ್ಕೆ ಸುಮಾರು ತೊಂಬತ್ತರಲ್ಲಿ ಅದು ಬೇರೂರಿ ನಿಲ್ಲುವುದು. ಹೀಗೆ ನಿಂತ ರೋಗಕ್ಕೆ ಚಿಕಿತ್ಸೆಯಿಲ್ಲದಿದ್ದರೆ, ಪ್ರಾಯಸ್ಥ ರೋಗಿಗಳಲ್ಲಿ ನೂರಕ್ಕೆ ಇಪ್ಪತ್ತರಿಂದ ಮೂವತ್ತು ಮಂದಿಗೆ ಯಕೃತ್ತು ಕಲೆಗಟ್ಟಿ ಗಡುಸಾಗುವುದು, ಇಲ್ಲವೆ ಅದರಲ್ಲಿ ಅರ್ಬುದ ಹುಟ್ಟುವುದು. ಹೊಟ್ಟೆಯಲ್ಲಿ ನೀರು ತುಂಬಿ ರಕ್ತವಾಂತಿಯಾಗುವವರೆಗೂ ರೋಗಿಗೆ ಇದರ ಸುಳಿವೇ ಇರದಿರುವುದುಂಟು.

ಔಷಧದಿಂದ ಏನು ಪ್ರಯೋಜನ? ಯಕೃತ್ತು ಬಹಳ ಕಲೆಗಟ್ಟಿದ್ದ 651 ಮಂದಿಯ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬರಿಯ ಹುಸಿಗುಳಿಗೆ ಪಡೆದವರಲ್ಲಿ ನೂರಕ್ಕೆ ಸುಮಾರು 18 ಮಂದಿಗೆ ರೋಗ ಉಲ್ಬಣಿಸಿತು; ಲ್ಯಾಮಿವುಡಿನ್ ಸೇವಿಸಿದವರಲ್ಲಿ 8 ಮಂದಿಗೆ ಮಾತ್ರ. ಇದಕ್ಕಿಂತಲೂ ಸಮರ್ಥವಾದುದು ಟೆನೊಫೊವಿರ್. ಯಕೃತ್ತು ಗಡುಸಾಗಿದ್ದ 96 ಮಂದಿ ಐದು ವರ್ಷ ಅದನ್ನು ಸೇವಿಸಿದ ಮೇಲೆ 71 ಮಂದಿಯಲ್ಲಿ ಆ ಗಡುಸು ನೀಗಿದ್ದಿತೆಂದು 2013ರಲ್ಲಿ ತಿಳಿದುಬಂದಿತು. ಗಡುಸಾದ ಯಕೃತ್ತು ಮರಳಿ ಮೃದುವಾಗದೆಂಬ ಹಿಂದಿನವರ ನಂಬಿಕೆ ಇದರಿಂದ ಸಡಿಲವಾಯಿತು!

ಆದರೂ ಔಷಧವು ವೈರಾಣುವನ್ನು ಅಡಗಿಸುವುದೇ ಹೊರತು ಸಾಮಾನ್ಯವಾಗಿ ನಿರ್ಮೂಲ ಮಾಡದು. ದೇಹ ಸ್ವಸ್ಥವಾಗಿದೆಯೆಂದು ತಾನಾಗಿ ಗುಳಿಗೆಯನ್ನು ನಿಲ್ಲಿಸಿದರೆ ರೋಗ ಹಠಾತ್ತನೆ ಕೆರಳಿ ಪ್ರಾಣಕ್ಕೆ ಮುಳುವಾಗಬಹುದು. ಅರ್ಬುದದ ಭಯ ತಗ್ಗುವುದಾದರೂ ತೀರಾ ಹೋಗದು. ಆದಕಾರಣ ಯಕೃತ್ತು ಗಡುಸಾದವರು ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿಕೊಳ್ಳತಕ್ಕದ್ದು. ಎಲ್ಲರಿಗೂ ಔಷಧ ಬೇಕಾಗದು, ತಪಾಸಣೆ ಮಾತ್ರ ಎಲ್ಲರಿಗೂ ಬೇಕು. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಮೇರೆಗೆ ಗೊತ್ತಾದ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಔಷಧವೂ ಧರ್ಮಾರ್ಥವಾಗಿ ದೊರೆಯುತ್ತವೆ.

ಶಿಶುಗಳಿಗೆ ಇದರ ಲಸಿಕೆಯನ್ನು ಹಾಕುವ ಸರ್ಕಾರಿ ಏರ್ಪಾಡು ದೇಶಕ್ಕೆಲ್ಲ ಹರಡಿದ್ದು 2011ರಲ್ಲಿ. ಯಶವಂತಪುರ, ಆರ್.ಟಿ. ನಗರಗಳಲ್ಲಿ ಈಗ ಸಂಸಾರ ಹೂಡಿರುವ ತಂದೆತಾಯಿಗಳು ಅದಕ್ಕೆ ಎಷ್ಟೋ ಮೊದಲು ಹುಟ್ಟಿದವರು. ಮನೆಯಲ್ಲೊಬ್ಬರಿಗೆ ರೋಗವಿದೆಯೆಂದು ತಿಳಿದಾಗ ಅವರ ತಟ್ಟೆಲೋಟಗಳನ್ನು ಬೇರೆಯಿಡುವುದು ವ್ಯರ್ಥವಾದ ಕ್ರೌರ್ಯ. ಸಹಭೋಜನದಿಂದ ಇದು ಹರಡದು. ಬೇರೆಯಿಡಬೇಕಾದುದು ಕ್ಷೌರದ ಬ್ಲೇಡು ಮತ್ತು ಹಲ್ಲುಜ್ಜುವ ಬ್ರಷ್ಷು. ಪತಿಪತ್ನಿಯರೂ ಒಡಹುಟ್ಟಿದವರೂ ಮಕ್ಕಳೂ ರಕ್ತಪರೀಕ್ಷೆ ಮಾಡಿಸಿ, ಸೋಂಕಿಲ್ಲದವರು ಲಸಿಕೆ ಹಾಕಿಸಿಕೊಳ್ಳಬೇಕು. ಗರ್ಭಿಣಿಗೆ ರೋಗವಿದ್ದರಂತೂ, ಶಿಶು ಹುಟ್ಟಿದ ಇಪ್ಪತ್ತನಾಲ್ಕು ಗಂಟೆಗಳೊಳಗಾಗಿ ಮೊದಲ ಲಸಿಕೆಯೂ ಅದರೊಡನೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಚುಚ್ಚುಮದ್ದೂ ಬೀಳುವಂತೆ ಹೆರಿಗೆಗೆ ಮುಂಚಿತವಾಗಿಯೇ ವೈದ್ಯರೊಡನೆ ಮಾತನಾಡಿ ಗೊತ್ತುಮಾಡಿಕೊಂಡಿರಬೇಕು.