ಹೊಗೆಯೊಳಗಿನ ಇಂಗಾಲಕ್ಕೆ ಹಳದಿ ಪುಡಿಯ ಬಲೆ

ಕೊಪ್ಪಳ ಜಿಲ್ಲೆಯ ಹಿಟ್ನಾಳದ ಸುತ್ತಮುತ್ತ ಕಬ್ಬಿಣ ಕರಗುತ್ತದೆ, ಹೊಗೆ ಏಳುತ್ತದೆ. ಅದರಲ್ಲಿನ ಇಂಗಾಲದ ಡೈಆಕ್ಸೈಡನ್ನು ಹಿಡಿಯಬಲ್ಲ ಸಾವಯವ ಪುಡಿಗಳು ಪ್ರಯೋಗಾಲಯದಲ್ಲಿ ಸಿದ್ಧವಾಗುತ್ತಿವೆ. ಅವು ನಮ್ಮ ಚಿಮಣಿಗೂ ಬರಲಿ.

ಹೊಸಪೇಟೆಯಿಂದ ತುಂಗಭದ್ರೆ ದಾಟಿ ಮುನಿರಾಬಾದ್, ಹಿಟ್ನಾಳ, ಗಿಣಿಗೇರಾ ಹಾದು ಹೊರಟರೆ ಚಿಮಣಿಗಳ ಸಾಲು. ಬೇವಿನಹಳ್ಳಿಯಲ್ಲಿ ಬೀಡುಕಬ್ಬಿಣ, ಹಿರೇಬಗನಾಳದ ಕಡೆ ಸ್ಪಾಂಜ್ ಐರನ್. ಬೆಳೆಯ ಮೇಲೆ, ಮಾಳಿಗೆಯ ಮೇಲೆ ಕೂರುವ ಕರಿ ಧೂಳು ಎಲ್ಲರಿಗೂ ಕಾಣುತ್ತದೆ. ಇಂಗಾಲದ ಡೈಆಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದಿರಿನ ಆಮ್ಲಜನಕವನ್ನು ಇಲ್ಲಿ ಕೋಕ್ ಅಥವಾ ಕಲ್ಲಿದ್ದಲಿನ ಇಂಗಾಲವೇ ಕಿತ್ತುಕೊಳ್ಳಬೇಕು; ಹಾಗಾಗಿ ಕುಲುಮೆ ಉರಿದಷ್ಟೂ ಆ ಅನಿಲ ಹುಟ್ಟುತ್ತದೆ.

ಪುಡಿಯ ಕರಾಮತ್ತು

ಇಂಗಾಲದ ಡೈಆಕ್ಸೈಡನ್ನು ಹಿಡಿಯಲು ಬಳಕೆಯಲ್ಲಿರುವುದು ಅಮೈನ್ ಎಂಬ ರಾಸಾಯನಿಕದ ದ್ರಾವಣ. ಹಿಡಿದ ಅನಿಲವನ್ನು ಬಿಡಿಸಲು ದ್ರಾವಣವನ್ನು ಸುಮಾರು 120 ಡಿಗ್ರಿಗೆ ಕಾಯಿಸಬೇಕು. ಜೊತೆಗೆ ಅದರ ನೀರೂ ಕಾಯುವುದರಿಂದ ಇಂಧನದ ಖರ್ಚು ವಿಪರೀತ. ನೀರಿಲ್ಲದ ಪುಡಿಯಾದರೆ ಈ ಖರ್ಚು ತಗ್ಗುತ್ತದೆ. 2005ರಲ್ಲಿ ರಸಾಯನ ವಿಜ್ಞಾನಿ ಒಮರ್ ಯಾಘಿ ಅವರ ತಂಡ ಹಗುರ ಪರಮಾಣುಗಳನ್ನೇ ಹೆಣೆದು, ಜೇನುಗೂಡಿನಂಥ ರಂಧ್ರಗಳಿರುವ ಸಾವಯವ ಜಾಲ ಕಟ್ಟಿತು. 2024ರಲ್ಲಿ ಅವರದೇ ಬರ್ಕ್ಲಿ ತಂಡ ತಂದ ಅಂಥದೇ ಜಾಲದ ಹಳದಿ ಪುಡಿ ‘ಸಿಒಎಫ್-999’. ರಂಧ್ರಗಳ ಒಳಗೇ ಅಮೈನ್ ಕೂರಿಸಿರುವುದರಿಂದ ಅನಿಲ ಅಲ್ಲಿ ಅಂಟಿಕೊಳ್ಳುತ್ತದೆ. 60 ಡಿಗ್ರಿ ಶಾಖಕ್ಕೆ ಬಿಟ್ಟುಕೊಡುತ್ತದೆ. ಹೊರಗಿನ ಗಾಳಿಯಲ್ಲಿ 100 ಬಾರಿ ಹಿಡಿದು ಬಿಟ್ಟರೂ ಅದರ ಕಸುವು ಕುಂದಲಿಲ್ಲ. 200 ಗ್ರಾಂ ಪುಡಿ ವರ್ಷಕ್ಕೆ 20 ಕಿಲೋ ಅನಿಲ ಹಿಡಿಯಬಲ್ಲದು ಎಂಬುದು ಅವರ ಅಂದಾಜು.

ನಮ್ಮಲ್ಲೂ ಇದೆ ವಿದ್ಯೆ

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಇಂಗಾಲವನ್ನು ಹಿಡಿದು ಬಳಸುವ ರಾಷ್ಟ್ರೀಯ ಕೇಂದ್ರವಿದೆ. ಅಲ್ಲಿ ವಿಜ್ಞಾನಿ ತಪಸ್ ಮಾಜಿ ಅವರ ತಂಡ ರಂಧ್ರಮಯ ಸಾವಯವ ಪಾಲಿಮರ್‌ಗಳನ್ನು ರೂಪಿಸಿ, ಬೆಳಕಿನ ಬಲದಿಂದ ಇದೇ ಅನಿಲವನ್ನು ಮೀಥೇನ್‌ನಂಥ ಇಂಧನವಾಗಿಸುವ ಕೆಲಸ ಮಾಡಿದೆ. ಹಿಡಿದದ್ದನ್ನು ಭೂಮಿಯಲ್ಲಿ ಕೂಡಿಡುವ ದಾರಿಯೂ ಉಂಟು. ಐಸ್‌ಲ್ಯಾಂಡಿನಲ್ಲಿ ಬಸಾಲ್ಟ್ ಶಿಲೆಯೊಳಗೆ ಇಳಿಸಿದ ಅನಿಲದ ಶೇ. 95ಕ್ಕೂ ಹೆಚ್ಚು ಭಾಗ ಎರಡು ವರ್ಷದೊಳಗೆ ಕಲ್ಲಾಯಿತು. ನಮ್ಮ ವಿಜಯಪುರದ ನೆಲದಡಿಯೂ ಬಸಾಲ್ಟ್ ಹರಡಿದೆ.

ಮೊದಲು ಧೂಳು

ಆದರೆ ಚಿಮಣಿಯ ಹೊಗೆಯನ್ನು ನೇರವಾಗಿ ಈ ಪುಡಿಗೆ ಹಾಯಿಸುವಂತಿಲ್ಲ. ಧೂಳು ರಂಧ್ರ ಮುಚ್ಚುತ್ತದೆ, ಗಂಧಕದ ಡೈಆಕ್ಸೈಡ್ ಅಮೈನನ್ನು ಕೆಡಿಸುತ್ತದೆ. ಹೊಗೆಯನ್ನು ತಣಿಸಿ, ಶುದ್ಧ ಮಾಡಿದ ಮೇಲಷ್ಟೇ ಇಂಗಾಲದ ಸರದಿ. ಅಂದರೆ ಈ ತಂತ್ರಜ್ಞಾನ ನೆಟ್ಟಗೆ ಬಂದರೆ ಮೊದಲ ಲಾಭ ಸುತ್ತಲಿನ ಹಳ್ಳಿಗಳಿಗೇ. ಬಿಡಿಸಲು ಬೇಕಾದ 60 ಡಿಗ್ರಿ ಶಾಖವಂತೂ ಕುಲುಮೆಗಳ ಬಳಿ ದಿನವೂ ವ್ಯರ್ಥವಾಗುತ್ತಿದೆ. ಜಕ್ಕೂರಿನ ಸಂಶೋಧನೆ ಹಿಟ್ನಾಳದ ಚಿಮಣಿಯಲ್ಲಿ ಪರೀಕ್ಷೆಗೆ ಇಳಿಯಬೇಕು. ಸರ್ಕಾರ, ಕಾರ್ಖಾನೆ ಎರಡೂ ಅದಕ್ಕೆ ಹಣ ಹಾಕಬೇಕು. ಕಾರ್ಖಾನೆಗಳ ಕುರಿತ ಮುಂದಿನ ಅಹವಾಲು ಸಭೆಯಲ್ಲಿ ಯಾರಾದರೂ ಇಂಗಾಲ ಹಿಡಿಯುವ ಮಾತಾಡಿದರೆ, ಧೂಳು ಹಿಡಿಯುವ ಯಂತ್ರ ರಾತ್ರಿಯೂ ಓಡುತ್ತಿದೆಯೇ ಎಂದು ಮೊದಲು ಕೇಳಿ.