ವರ್ತಕರ ಮನೆಯಿಂದ ನ್ಯಾಯಪೀಠಕ್ಕೆ

ವ್ಯಾಪಾರಸ್ಥರ ಮನೆಯಲ್ಲಿ ಮಗನೊಬ್ಬ ‘ನಾನು ವಕೀಲಿ ಓದುತ್ತೇನೆ’ ಎಂದರೆ ಹಿರಿಯರು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಹಾಗಾದರೆ ಅಂಗಡಿ ಯಾರು ನೋಡಿಕೊಳ್ಳಬೇಕು?’ 1860ರಲ್ಲಿ ಮುಂಬಯಿಯ ವರ್ತಕರೊಬ್ಬರು ಈ ಪ್ರಶ್ನೆಯನ್ನು ಬದಿಗಿಟ್ಟು ಹದಿಹರೆಯದ ಮಗನನ್ನು ಇಂಗ್ಲೆಂಡಿಗೆ ಓದಲು ಕಳುಹಿಸಿದರು. ಆ ಮಗನೇ ಬದ್ರುದ್ದೀನ್ ತಯ್ಯಬ್‌ಜಿ.

ಬದ್ರುದ್ದೀನರು ಹುಟ್ಟಿದ್ದು 1844ರ ಅಕ್ಟೋಬರ್ 10ರಂದು. ಮನೆತನ ಗುಜರಾತಿನ ಖಂಭಾತದಿಂದ ಬಂದ ಸುಲೈಮಾನಿ ಬೋಹರಾ ವರ್ತಕರದು. ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ ಕಣ್ಣಿನ ತೊಂದರೆಯಿಂದ ನಡುವೆ ಊರಿಗೆ ಮರಳಬೇಕಾಯಿತು. ಸುಮಾರು ಒಂದು ವರ್ಷ ಓದು ನಿಂತಿತು. ಆದರೂ ಅವರು ಎದೆಗುಂದದೆ ಮತ್ತೆ ಹೋಗಿ 1867ರಲ್ಲಿ ಬ್ಯಾರಿಸ್ಟರ್ ಪದವಿ ಪಡೆದರು. ಮುಂಬಯಿ ಹೈಕೋರ್ಟಿನಲ್ಲಿ ವಕೀಲಿ ಮಾಡಿದ ಮೊದಲ ಭಾರತೀಯ ಬ್ಯಾರಿಸ್ಟರ್ ಅವರೇ. ಅಣ್ಣ ಕಮರುದ್ದೀನರು ಅದಾಗಲೇ ಸಾಲಿಸಿಟರ್ ಆಗಿದ್ದರು. ಆ ಕಾಲದಲ್ಲಿ ಬೆಳಗಾವಿ, ಧಾರವಾಡ, ವಿಜಾಪುರ, ಸೊಲ್ಲಾಪುರ ಜಿಲ್ಲೆಗಳೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ನಮ್ಮ ಹಿರಿಯರ ದಾವೆಗಳ ಮೇಲ್ಮನವಿ ಹೋಗುತ್ತಿದ್ದುದೂ ಅದೇ ಹೈಕೋರ್ಟಿಗೆ.

ಬದ್ರುದ್ದೀನರು ಸಾರ್ವಜನಿಕ ಜೀವನಕ್ಕೆ ಕಾಲಿಟ್ಟದ್ದು ನಗರದ ಚುನಾವಣೆಯ ಮೂಲಕ. 1872ರ ಕಾಯಿದೆಯಂತೆ ಮುಂಬಯಿ ನಗರಸಭೆಯ 64 ಸದಸ್ಯರಲ್ಲಿ ಅರ್ಧದಷ್ಟು ಮಂದಿಯನ್ನು ತೆರಿಗೆದಾರರೇ ಆರಿಸಬಹುದಾಗಿತ್ತು. ಅದರಂತೆ 1873ರಲ್ಲಿ ಬದ್ರುದ್ದೀನರು ನಗರಸಭೆಗೆ ಹೋದರು. ಮುಂದೆ 1882ರಲ್ಲಿ ಪ್ರಾಂತದ ಶಾಸನಸಭೆಯ ಸದಸ್ಯರಾದರು. 1885ರಲ್ಲಿ ಫಿರೋಜ್ ಶಾ ಮೆಹತಾ ಮತ್ತು ಕಾಶೀನಾಥ ತ್ರ್ಯಂಬಕ ತೆಲಂಗರ ಜೊತೆ ಸೇರಿ ಮುಂಬಯಿ ಪ್ರಾಂತ ಸಂಘವನ್ನು ಕಟ್ಟಿದರು. 1887ರಲ್ಲಿ ಮದರಾಸಿನಲ್ಲಿ ನಡೆದ ಕಾಂಗ್ರೆಸ್ಸಿನ ಮೂರನೆಯ ಅಧಿವೇಶನಕ್ಕೆ ಅಧ್ಯಕ್ಷರಾದರು. ತಮ್ಮ ಸಮಾಜದ ಮಕ್ಕಳು ಓದಿನಲ್ಲಿ ಹಿಂದೆ ಬಿದ್ದಿರುವುದನ್ನು ಕಂಡು, 1874ರಲ್ಲಿ ಅಂಜುಮನ್-ಎ-ಇಸ್ಲಾಂ ಸಂಸ್ಥೆಯ ಸ್ಥಾಪನೆಗೂ ಕೈಜೋಡಿಸಿದ್ದರು. ಹೆಣ್ಣುಮಕ್ಕಳ ಓದಿಗೂ ಅವರ ಬೆಂಬಲವಿತ್ತು.

1895ರಲ್ಲಿ ಅವರು ಹೈಕೋರ್ಟಿನ ನ್ಯಾಯಾಧೀಶರಾದರು. ನಿಜವಾದ ಪರೀಕ್ಷೆ ಬಂದದ್ದು ಎರಡು ವರ್ಷಗಳ ನಂತರ. 1897ರ ಜುಲೈ ಕೊನೆಯಲ್ಲಿ ‘ಕೇಸರಿ’ ಪತ್ರಿಕೆಯ ಬರಹಗಳಿಗಾಗಿ ಬಾಲಗಂಗಾಧರ ತಿಲಕರ ಮೇಲೆ ರಾಜದ್ರೋಹದ ಆರೋಪ ಹೊರಿಸಿ ಬಂಧಿಸಿದರು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡ್ ಸಾಹೇಬರ ಮೇಲೆ ಗುಂಡು ಹಾರಿದ್ದ ಹೊಸತು. ಆಂಗ್ಲರ ಕೋಪ ಕುದಿಯುತ್ತಿತ್ತು. ಮ್ಯಾಜಿಸ್ಟ್ರೇಟರು ಜಾಮೀನು ಕೊಡಲಿಲ್ಲ. ಹೈಕೋರ್ಟಿನಲ್ಲಿಯೂ ಮೊದಲ ಅರ್ಜಿ ತಿರಸ್ಕೃತವಾಯಿತು. ಆಗಸ್ಟ್ 4ರಂದು ಅರ್ಜಿ ಮತ್ತೆ ಬಂದದ್ದು ಬದ್ರುದ್ದೀನರ ಮುಂದೆ.

ಅವರ ಇಕ್ಕಟ್ಟನ್ನು ಯೋಚಿಸಿ ನೋಡಿ. ಹತ್ತು ವರ್ಷಗಳ ಹಿಂದೆ ತಾವೇ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು. ಜಾಮೀನು ಕೊಟ್ಟರೆ ‘ತಮ್ಮವನನ್ನು ಬಿಟ್ಟರು’ ಎಂಬ ಮಾತು ಬರುತ್ತದೆ. ನಿರಾಕರಿಸಿದರೆ ಯಾರೂ ಬೆರಳು ತೋರಿಸುವಂತಿಲ್ಲ, ಏಕೆಂದರೆ ಬೇರೆಯವರು ಈಗಾಗಲೇ ನಿರಾಕರಿಸಿದ್ದಾರೆ. ಆದರೆ ಅವರು ಹೆಸರು ನೋಡಲಿಲ್ಲ, ಕಾನೂನು ನೋಡಿದರು. ಆರೋಪಿ ವಿಚಾರಣೆಗೆ ತಪ್ಪದೆ ಹಾಜರಾಗುತ್ತಾನೆಯೇ, ತನ್ನ ಪರ ವಾದ ಸಿದ್ಧಪಡಿಸಲು ಅವನಿಗೆ ಅವಕಾಶ ಬೇಡವೇ, ಅಪರಾಧ ಸಾಬೀತಾಗುವ ಮೊದಲೇ ಶಿಕ್ಷೆ ಅನುಭವಿಸಬೇಕೇ? ಇಷ್ಟನ್ನು ತೂಗಿ ಜಾಮೀನು ಮಂಜೂರು ಮಾಡಿದರು.

ಸೆಪ್ಟೆಂಬರಿನಲ್ಲಿ ಬೇರೊಬ್ಬ ನ್ಯಾಯಾಧೀಶರ ಮುಂದೆ ವಿಚಾರಣೆ ನಡೆಯಿತು. ಒಂಬತ್ತು ಮಂದಿ ಪಂಚರಲ್ಲಿ ಆರು ಯುರೋಪಿಯನ್ನರು ಅಪರಾಧಿ ಎಂದರು. ಮೂವರು ಭಾರತೀಯರು ಅಲ್ಲ ಎಂದರು. ತಿಲಕರಿಗೆ ಹದಿನೆಂಟು ತಿಂಗಳ ಕಠಿಣ ಸಜೆಯಾಯಿತು. ಆದರೂ ಬದ್ರುದ್ದೀನರ ಆಜ್ಞೆ ವ್ಯರ್ಥವಾಗಲಿಲ್ಲ. ತಿಲಕರು ಒಂದು ತಿಂಗಳಿಗೂ ಹೆಚ್ಚು ಕಾಲ ಹೊರಗಿದ್ದು ತಮ್ಮ ವಾದಕ್ಕೆ ಸಿದ್ಧರಾಗಲು ಸಾಧ್ಯವಾಯಿತು.

ಈ ಧೈರ್ಯದಿಂದ ಬದ್ರುದ್ದೀನರ ಸ್ಥಾನಕ್ಕೆ ಕುಂದು ಬರಲಿಲ್ಲ. 1902ರಲ್ಲಿ ಅವರು ಹಂಗಾಮಿ ಮುಖ್ಯ ನ್ಯಾಯಾಧೀಶರಾದರು. ಮುಂಬಯಿಯಲ್ಲಿ ಆ ಪೀಠವೇರಿದ ಮೊದಲ ಭಾರತೀಯರು ಅವರು. 1906ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.

ತಕ್ಕಡಿ ಹಿಡಿಯುವ ನಮಗೆ ಒಂದು ಮಾತು ಚೆನ್ನಾಗಿ ಗೊತ್ತು: ಗಿರಾಕಿ ಬೀಗನಿರಲಿ, ಅಪರಿಚಿತನಿರಲಿ, ತೂಕದ ಕಲ್ಲು ಬದಲಾಗಬಾರದು. ನೆಂಟನಿಗೆ ಹೆಚ್ಚು ತೂಗುವುದು ಹೇಗೆ ತಪ್ಪೋ, ಜನರ ಮಾತಿಗೆ ಹೆದರಿ ಅವನಿಗೆ ಕಡಿಮೆ ತೂಗುವುದೂ ಹಾಗೆಯೇ ತಪ್ಪು. ಮನೆಯಲ್ಲಿ ಮಗನೋ ಮಗಳೋ ಕರಿ ಕೋಟಿನ ಕನಸು ಕಂಡರೆ, ಅಂಗಡಿಯ ಲೆಕ್ಕ ಹೇಳುವ ಮೊದಲು ಬದ್ರುದ್ದೀನರ ಈ ಕಥೆಯನ್ನು ಹೇಳಿ.