ಸುಣ್ಣದ ಮರೆಯ ಗೋಡೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ನೋಡಬಂದವರ ಕಣ್ಣು ಶಿಲ್ಪಗಳಲ್ಲಿಯೇ ನೆಟ್ಟಿರುತ್ತದೆ. ಈ ಊರಿನಲ್ಲಿ ಮನೆ ಕೊಳ್ಳಬಂದವರು ಅದರ ಎತ್ತರವಾದ ಜಗತಿಯನ್ನೂ ಒಮ್ಮೆ ನೋಡುವುದು ಲೇಸು. ಗೋಡೆ ನೆಲದ ತೇವಕ್ಕೆ ಸೋಕದಂತೆ ನಿಲ್ಲಬೇಕೆಂಬ ಪಾಠ ಅಲ್ಲಿದೆ.

ದ್ವಾರಸಮುದ್ರ ಕೆರೆಯ ಮಗ್ಗುಲಿನ ಊರಿದು. ಇಲ್ಲಿ ತಳಪಾಯ ತಗ್ಗಾದ ಮಣ್ಣಿನ ಗೋಡೆಯು, ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ, ನೆಲದ ನೀರನ್ನು ಮೇಲಕ್ಕೆ ಹೀರುತ್ತದೆ. ನೆನೆದದ್ದು 24ರಿಂದ 48 ಗಂಟೆಗಳೊಳಗೆ ಒಣಗದಿದ್ದರೆ ಬೂಷ್ಟು ಹುಟ್ಟಲು ಅಷ್ಟೇ ಸಾಕು. ಅದರ ಕಣಗಳು ಉಬ್ಬಸವುಳ್ಳವರಿಗೆ ಉಸಿರು ಕಟ್ಟಿಸಬಲ್ಲವು.

ಆದುದರಿಂದ ಹೊಸ ಸುಣ್ಣವನ್ನು ಕಂಡು ಮರುಳಾಗಬೇಡಿರಿ. ಮುಚ್ಚಿದ ಕೋಣೆಯ ಬಾಗಿಲು ತೆರೆದೊಡನೆ ಮುಗ್ಗಲು ವಾಸನೆ ಬರುವುದೇ ಎಂದು ಗಮನಿಸಿರಿ. ಬೀರುವನ್ನು ಸರಿಸಿ, ಬಚ್ಚಲಿಗೆ ಒತ್ತಿದ ಗೋಡೆಯನ್ನೂ ಅಟ್ಟದ ತೊಲೆಗಳನ್ನೂ ದೀಪ ಹಿಡಿದು ನೋಡಿರಿ. ಗೋಡೆಯ ಮೇಲಿನ ಬಿಳಿಯ ಹುಡಿ ನೀರಿನಲ್ಲಿ ಕರಗಿದರೆ ಅದು ಉಪ್ಪು, ಬೂಷ್ಟಲ್ಲ. ಆದರೂ ತೇವಕ್ಕೆ ಸಾಕ್ಷಿಯೇ. ಬೇಸಗೆಯಲ್ಲಿ ಮೆಚ್ಚಿದ ಮನೆಯನ್ನು ಮಳೆಗಾಲದಲ್ಲಿ ಇನ್ನೊಮ್ಮೆ ನೋಡಿಯೇ ಮುಂಗಡ ಕೊಡಿರಿ.

ಒಡೆದ ಹೆಂಚನ್ನು ಬದಲಾಯಿಸಬಹುದು, ಚರಂಡಿಯನ್ನು ತಿರುಗಿಸಬಹುದು. ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿರಿ. ನೀರು ಬರುವ ದಾರಿಯೇ ತಿಳಿಯದ ಮನೆಗೆ ಜೀವಮಾನದ ಉಳಿತಾಯವನ್ನು ಸುರಿಯುವುದು ತರವಲ್ಲ.